ಹಿಂದಿನ ಸೀಟಿಲ್ಲದ ಕಾರು

ಕಾರು ಮಾರುವ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ನಾನು ಒಂದು ಕಾರನ್ನೂ ಮಾರಲಿಲ್ಲ. ಕಾರು ಇಲ್ಲ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಈಗ ದೇವನಹಳ್ಳಿ ರಸ್ತೆಯ ಗಾಜಿನ ಶೋರೂಮುಗಳಲ್ಲಿ ಟೈ ಕಟ್ಟಿಕೊಂಡು, ಬಂದವರಿಗೆಲ್ಲ ಕಾಫಿ ಕೊಟ್ಟು ಕಾಲು ಹಿಡಿಯುವ ನಿಮಗೆ ಇದು ತಮಾಷೆ ಅನ್ನಿಸುತ್ತದೆ. ನಮ್ಮ ಕಾಲದಲ್ಲಿ ಕಾಫಿ ಕೊಡಿಸುತ್ತಿದ್ದವರು ಗಿರಾಕಿಗಳು. ಕಾಲು ಹಿಡಿಯುತ್ತಿದ್ದವರೂ ಅವರೇ.

ಅರವತ್ತರ ದಶಕದ ನಡುವೆ ನಾನು ಬೆಂಗಳೂರಿನ ಒಂದು ಕಾರ್ ಏಜೆನ್ಸಿಗೆ ಸೇರಿದೆ. ಅರಿಶಿನಕುಂಟೆಯ ಬೇಸಾಯದ ಮನೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಸೈಕಲ್ ಇತ್ತು, ಸುತ್ತಮುತ್ತಲ ನಾಲ್ಕು ತಾಲೂಕಿನ ದಾರಿ ಗೊತ್ತಿತ್ತು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ನನ್ನ ಪಾಲಿಗೆ ಬಂದವು. ನನ್ನ ಮೇಲಿದ್ದವರು ಮ್ಯಾನೇಜರ್ ಶೇಷಾದ್ರಿಗಳು. ತೆಳ್ಳಗಿನ ಮನುಷ್ಯ, ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಕೋಪ ಬಂದಷ್ಟೂ ದನಿ ತಗ್ಗಿಸುತ್ತಿದ್ದರು. ಅವರು ಪಿಸುಗುಟ್ಟಿದ ದಿನ ಇಡೀ ಆಫೀಸು ಉಸಿರು ಬಿಗಿ ಹಿಡಿಯುತ್ತಿತ್ತು.

ಆಗ ದೇಶದಲ್ಲಿ ಕಾರು ಮಾಡುವವರು ಬೆರಳೆಣಿಕೆಯಷ್ಟು. ನಮ್ಮ ಕಾರು ಎಲ್ಲಕ್ಕಿಂತ ಚಿಕ್ಕದು, ಅಗ್ಗದ್ದು. ಕಾರು ಬೇಕಾದವರು ಅಂಚೆ ಕಚೇರಿಯಲ್ಲಿ ಠೇವಣಿ ಇಟ್ಟು, ಆ ಪಾಸ್‌ಬುಕ್ಕನ್ನು ನಮ್ಮಲ್ಲಿ ಕೊಟ್ಟು ನಂಬರು ಪಡೆಯಬೇಕು. ಆಮೇಲೆ ಕಾಯಬೇಕು. ಎಷ್ಟು ಕಾಲ ಎಂದು ಕೇಳಬಾರದು. ಕೆಲವು ಮನೆಗಳಲ್ಲಿ ಅಪ್ಪ, ಮಗ, ಅಳಿಯ, ಹಾಸಿಗೆ ಹಿಡಿದ ಅಜ್ಜಿ ಎಲ್ಲರ ಹೆಸರಿನಲ್ಲೂ ಬುಕ್ ಮಾಡುತ್ತಿದ್ದರು. ಯಾರದಾದರೂ ಮೊದಲು ಬರಲಿ ಎಂದು. ಕಾರೇ ಹತ್ತದ ಅಜ್ಜಿಯಂದಿರ ಹೆಸರಿಗೆ ನಾನು ಬರೆದ ಪೋಸ್ಟ್ ಕಾರ್ಡುಗಳಿಗೆ ಲೆಕ್ಕವಿಲ್ಲ.

ಬೆಲೆಯ ಕಥೆ ಇನ್ನೂ ಸೊಗಸು. ಪತ್ರಿಕೆಯಲ್ಲಿ ಕಂಪನಿ ಕೊಡುತ್ತಿದ್ದ ಬೆಲೆ ಕಾರ್ಖಾನೆಯ ಬಾಗಿಲಿನದು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ತೆರಿಗೆ, ಸಾಗಣೆ ಬೇರೆ ಎಂದಿರುತ್ತಿತ್ತು. ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಅದು ಇನ್ನೊಂದು ಬೆಲೆ, ರಸ್ತೆಗೆ ಇಳಿಯುವಾಗ ಮತ್ತೊಂದು. ಅದೃಷ್ಟವಂತನೊಬ್ಬ ಇವತ್ತು ಕಾರು ತೆಗೆದುಕೊಂಡು ನಾಳೆ ಬೇರೆಯವರಿಗೆ ಮಾರಿದರೆ ನಾಲ್ಕನೆಯ ಬೆಲೆ. ಅದೇ ಎಲ್ಲಕ್ಕಿಂತ ಹೆಚ್ಚು. ಬುಕ್ ಮಾಡಿದ ದಿನದ ಬೆಲೆಗೆ ಬೆಲೆಯೇ ಇರಲಿಲ್ಲ, ಕಾರು ಕೈಗೆ ಬಂದ ದಿನದ ಬೆಲೆಯೇ ಬೆಲೆ. ಇದನ್ನು ಹಳ್ಳಿಯ ಯಜಮಾನರಿಗೆ ವಿವರಿಸುವಾಗ ನನ್ನ ಮುಖ ನನಗೇ ಕಳ್ಳನ ಮುಖದಂತೆ ಕಾಣುತ್ತಿತ್ತು. ಶೇಷಾದ್ರಿಗಳು ಮೊದಲ ದಿನವೇ ಪಾಠ ಹೇಳಿದ್ದರು. ಯಾರಿಗೂ ಇಲ್ಲ ಅನ್ನಬೇಡ, ಯಾವಾಗ ಅಂತಲೂ ಹೇಳಬೇಡ, ಕೂರಿಸು. ಕೂತವನು ಎದ್ದು ಹೋಗಲ್ಲ.

ಆ ಪಾಠ ಮೀರಿ ನಾನು ಒಮ್ಮೆ ಎಡವಿದೆ. ಹೊಸಕೋಟೆಯ ಮುನಿಶಾಮಪ್ಪ ಎಂಬುವರ ಸರದಿ ಐದು ವರ್ಷಕ್ಕೆ ಬಂತು. ಮದ್ರಾಸಿನ ನಮ್ಮ ಕಾರ್ಖಾನೆಯಿಂದ ಬಂದ ಪತ್ರದಲ್ಲಿ ತಿಳಿ ಹಸಿರು ಬಣ್ಣ ಎಂದಿತ್ತು. ಖುಷಿಯಲ್ಲಿ ಅದನ್ನೇ ಅವರಿಗೆ ಬರೆದುಬಿಟ್ಟೆ. ಅವರು ಪುರೋಹಿತರನ್ನು ಕರೆದುಕೊಂಡು, ಮೂರು ತಲೆಮಾರಿನ ಜನವನ್ನು ಬಸ್ಸಿನಲ್ಲಿ ಹೊರಡಿಸಿಕೊಂಡು ಬಂದರು. ಅಂಗಳದಲ್ಲಿ ನಿಂತಿದ್ದದ್ದು ಅಚ್ಚ ಕಪ್ಪು ಕಾರು. ಒಳ್ಳೆಯ ದಿನ ಕಪ್ಪನ್ನು ಮನೆಗೆ ತರುವುದೇ ಎಂದು ಅವರ ತಾಯಿ ಕಣ್ಣೀರು ಹಾಕಿದರು. ಮುನಿಶಾಮಪ್ಪ ನನ್ನನ್ನು ಬೈಯಲಿಲ್ಲ. ನಿಂಬೆಹಣ್ಣು, ಕುಂಬಳಕಾಯಿ ಮತ್ತೆ ಚೀಲಕ್ಕೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅರ್ಧ ಗಂಟೆಯಲ್ಲಿ ಆ ಕಾರು ಪಟ್ಟಿಯಲ್ಲಿದ್ದ ಮುಂದಿನವರ ಪಾಲಾಯಿತು. ಅವತ್ತು ಶೇಷಾದ್ರಿಗಳು ಎಷ್ಟು ಮೆಲ್ಲಗೆ ಮಾತಾಡಿದರೆಂದರೆ ನಾನು ಅವರ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಾಯಿತು.

ಆಮೇಲೆ ಪೆಟ್ರೋಲ್ ಬೆಲೆ ಏರಿತು. ಏರಿತು ಅಂದರೆ ಏಣಿ ಹಾಕಿಕೊಂಡು ಏರಿತು. ವರ್ಷಗಟ್ಟಲೆ ಕಾದವರು ಪಾಸ್‌ಬುಕ್ ವಾಪಸು ಕೊಡಿ ಎಂದು ಸಾಲುಗಟ್ಟಿದರು. ನಾವು ಕಂಡೇ ಇರದ ನೋಟ ಕಂಡೆವು: ಅಂಗಳದಲ್ಲಿ ಕಾರು ನಿಂತಿವೆ, ಕೊಳ್ಳುವವರಿಲ್ಲ. ಹೊಸ ಕಾರಿನ ಗಾಜಿನ ಮೇಲೆ ಕೂತ ಧೂಳಿನಲ್ಲಿ ಯಾರೋ ತಮ್ಮ ಹೆಸರು ಬರೆದು ಹೋಗಿದ್ದರು.

ಕಂಪನಿಯವರು ಒಂದು ಉಪಾಯ ಮಾಡಿದರು. ಇದ್ದ ಕಾರನ್ನೇ ಬಡವಾಗಿಸಿ ಅಗ್ಗದ ಮಾಡೆಲ್ ಎಂದು ಬಿಟ್ಟರು. ಚಕ್ರದ ಹೊಳೆಯುವ ಬಟ್ಟಲು ತೆಗೆದರು, ನೆಲದ ಕಾರ್ಪೆಟ್ ತೆಗೆದು ರಬ್ಬರ್ ಹಾಸಿದರು, ಎರಡೇ ಬಾಗಿಲು ಉಳಿಸಿದರು, ಹಿಂದಿನ ಕಿಟಕಿಯ ಗಾಜು ಇಳಿಯದಂತೆ ಕೂರಿಸಿಬಿಟ್ಟರು. ಬೆಲೆ ಮುಂದಿನ ಸಾವಿರಕ್ಕೆ ಮುಟ್ಟದಂತೆ ಒಂದೇ ಒಂದು ರೂಪಾಯಿ ಕಡಿಮೆ ಇಟ್ಟರು. ಆ ಒಂದು ರೂಪಾಯಿಯ ಮಹಿಮೆಯನ್ನು ಮದ್ರಾಸಿನಿಂದ ಬಂದ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಒಂದು ಗಂಟೆ ಹೇಳಿದರು. ತೆಗೆದದ್ದನ್ನೆಲ್ಲ ಬೇಕಾದವರಿಗೆ ಬೇರೆಯಾಗಿ ಮಾರುವುದು. ಎಲ್ಲ ಹಾಕಿಸಿದರೆ ಹಳೆಯ ಕಾರಿಗಿಂತ ದುಬಾರಿ. ಆ ಬಿಡಿ ಬೆಲೆಗಳ ಪಟ್ಟಿಯನ್ನು ಚೀಲದ ತಳದಲ್ಲಿ ಇಟ್ಟುಕೋ ಎಂದರು ಶೇಷಾದ್ರಿಗಳು.

ನಾಲ್ವರಿದ್ದ ಮಾರಾಟಗಾರರಲ್ಲಿ ಇಬ್ಬರನ್ನು ಆಗಲೇ ಮನೆಗೆ ಕಳಿಸಿದ್ದರು. ನನ್ನನ್ನು ಕರೆದು, ಯುಗಾದಿಯ ಒಳಗೆ ನಿನ್ನ ತಾಲೂಕುಗಳಲ್ಲಿ ಮೂರು ಕಾರು ಹೋಗಬೇಕು, ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ ಎಂದರು. ನನಗೆ ನೆಲಮಂಗಲದಲ್ಲಿ ಬಾಡಿಗೆ ಮನೆ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಊರಿನ ಜಮೀನು ಅಣ್ಣನ ಸಂಸಾರಕ್ಕೇ ಸಾಲದು.

ಕಂಪನಿ ನಮಗೊಂದು ಬಣ್ಣದ ಪೋಸ್ಟರ್ ಕಳಿಸಿತ್ತು. ನಗುವ ಗಂಡ, ನಗುವ ಹೆಂಡತಿ, ಒಂದು ಗಂಡು, ಒಂದು ಹೆಣ್ಣು, ಹಿಂದೆ ಕಾರು. ಮೇಲೆ ದಪ್ಪ ಅಕ್ಷರದಲ್ಲಿ ‘ಚಿಕ್ಕ ಸಂಸಾರಕ್ಕೆ ಚಿಕ್ಕ ಕಾರು’. ನಾನು ಪ್ರದರ್ಶನದ ಕಾರಿನ ಎರಡೂ ಪಕ್ಕಕ್ಕೆ ಅದನ್ನು ಅಂಟಿಸಿ, ಮೇಲೊಂದು ಮೈಕು ಕಟ್ಟಿಕೊಂಡು ಸಾಸಲು ಎಂಬ ಹಳ್ಳಿಗೆ ಹೋದೆ. ಅಲ್ಲಿ ನೆಲಗಡಲೆ, ರಾಗಿಯ ಜೊತೆಗೆ ದ್ರಾಕ್ಷಿ ಬೆಳೆದು ಕೈಯಲ್ಲಿ ಕಾಸು ನೋಡಿದ ರೈತರು ಇಬ್ಬರು ಮೂವರಿದ್ದಾರೆ ಎಂದು ಕೇಳಿದ್ದೆ. ಅದು ತುರ್ತು ಪರಿಸ್ಥಿತಿಯ ಕಾಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಊರ ಬಾಗಿಲಲ್ಲಿ ಮೈಕಿನಲ್ಲಿ ಚಿಕ್ಕ ಸಂಸಾರ ಎಂದು ಎರಡು ಸಲ ಕೂಗಿರಬಹುದು. ಅರಳಿಕಟ್ಟೆ ಖಾಲಿ. ಬೀದಿಯಲ್ಲಿದ್ದ ಗಂಡಸರು ಪಂಚೆ ಎತ್ತಿ ಹೊಲದ ಕಡೆ ಓಟ ಕಿತ್ತರು. ಒಬ್ಬ ಅರ್ಧ ಕ್ಷೌರದಲ್ಲೇ ಎದ್ದು ಹೋದ. ಮನೆಗಳ ಕದ ಒಂದೊಂದಾಗಿ ಮುಚ್ಚಿಕೊಂಡವು. ನಾನು ಬಾಗಿಲು ತೆರೆದು ಇಳಿದು, ಏನಾಯಿತು ಎಂದು ತಿಳಿಯದೆ ಬೆಪ್ಪಾಗಿ ನಿಂತೆ. ಓಡಲಾರದ ಒಬ್ಬ ಮುದುಕರು ಮಾತ್ರ ಜಗಲಿಯಲ್ಲಿ ಕೂತಿದ್ದರು. ಹತ್ತಿರ ಹೋದದ್ದೇ ಕೈ ಮುಗಿದರು.

“ನಂಗೆ ಎಪ್ಪತ್ತಾಯ್ತು ಕಣಪ್ಪ, ಮೂರು ಜನ ಮೊಮ್ಮಕ್ಕಳವ್ರೆ. ನನ್ ಆಪ್ರೇಸನ್ ಮಾಡಿ ನಿಂಗೇನ್ ಬಂದಾತು, ಬಿಟ್ಬಿಡು.”

ಆಗ ಪೋಸ್ಟರಿನ ಕಡೆ ತಿರುಗಿ ನೋಡಿದೆ. ಇಬ್ಬರು ಮಕ್ಕಳು, ನಗುವ ಗಂಡ ಹೆಂಡತಿ, ಮೈಕು, ಬಿಳಿ ಶರಟಿನ ನಾನು, ಕೈಯಲ್ಲಿ ಕಪ್ಪು ಚೀಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜನ ಹಿಡಿಯಲು ಬರುವ ಗಾಡಿ ಎಂದು ಇಡೀ ಊರು ತಿಳಿದಿತ್ತು. ಇವತ್ತು ನೆನೆದರೆ ನಗು ಬರುತ್ತದೆ, ಆದರೆ ಆ ಮುದುಕರು ಮುಗಿದ ಕೈ ಇನ್ನೂ ಇಳಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಅವರ ಮುಂದೆಯೇ ಪೋಸ್ಟರುಗಳನ್ನು ಹರಿದು ಹಾಕಿದೆ. ಕಾರು ಮಾರಲು ಬಂದವನು ಎಂದು ಗೊತ್ತಾದ ಮೇಲೆ ಅವರು ನೀರು ಕೊಡಿಸಿ, ಕಾರಿನ ಸುತ್ತ ಒಂದು ಸುತ್ತು ಬಂದು, ತಮ್ಮ ಜನ್ಮದಲ್ಲಿ ಮಾಲನ್ನು ಸಣ್ಣದು ಸಣ್ಣದು ಎಂದು ಕೂಗಿ ಮಾರುವವನನ್ನು ನೋಡಿರಲಿಲ್ಲ ಎಂದರು. ಹಸು ಮಾರುವವನು ಅದು ಎಷ್ಟು ಹಾಲು ಕೊಡುತ್ತದೆ ಅನ್ನುತ್ತಾನೆ, ಎಷ್ಟು ಕಡಿಮೆ ತಿನ್ನುತ್ತದೆ ಅಂತಲೇ ಶುರು ಮಾಡುತ್ತಾನಾ ಎಂದು ಕೇಳಿದರು. ಮದ್ರಾಸಿನ ಅಧಿಕಾರಿಯ ಒಂದು ಗಂಟೆಗಿಂತ ಈ ಮಾತು ನನಗೆ ಹೆಚ್ಚು ಹತ್ತಿತು.

ಅದೇ ಬುದ್ಧಿ ಇಟ್ಟುಕೊಂಡು ಓಡಾಡಿದೆ. ಈ ಕಾರು ಏನು ಕೆಲಸ ಮಾಡಿಕೊಡುತ್ತದೆ ಎಂದು ಹೇಳತೊಡಗಿದೆ. ದೇವನಹಳ್ಳಿಯ ಒಬ್ಬ ಡಾಕ್ಟರು ಕೊಂಡರು. ಹೊಸಕೋಟೆಯ ಇಟ್ಟಿಗೆ ಗೂಡಿನ ಮಾಲೀಕರೊಬ್ಬರು ಕೊಂಡರು. ಎರಡಾಯಿತು. ಮೂರನೆಯದು ಸಿಗಲಿಲ್ಲ. ಯುಗಾದಿಗೆ ಮೂರೇ ವಾರ ಉಳಿದಿತ್ತು.

ದೊಡ್ಡಬಳ್ಳಾಪುರದಲ್ಲಿ ಲಕ್ಷ್ಮೀದೇವಮ್ಮ ಎಂಬುವರಿದ್ದರು. ಗಂಡ ತೀರಿಕೊಂಡ ಮೇಲೆ ಆರು ಮಗ್ಗಗಳನ್ನು ಒಬ್ಬರೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಗಂಡ ಬುಕ್ ಮಾಡಿದ್ದ ಕಾರಿನ ಠೇವಣಿಯನ್ನು ಅವರೂ ವಾಪಸು ಪಡೆದಿದ್ದರು. ಮಗ್ಗದ ಸದ್ದಿನಲ್ಲಿ ಬದುಕಿದವರು, ಹಾಗಾಗಿ ಪಕ್ಕದಲ್ಲಿ ನಿಂತವರ ಹತ್ತಿರವೂ ಆಚೆ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದರು. ನನ್ನ ಕಾರನ್ನು ಸಂತೆಯ ಎತ್ತಿನಂತೆ ಪರೀಕ್ಷಿಸಿದರು. ಹಿಂದಿನ ಗಾಜು ಇಳಿಯುವುದಿಲ್ಲ ಎಂದು ನಾನು ತಡವರಿಸುತ್ತ ಒಪ್ಪಿಕೊಂಡಾಗ ಅವರ ಮುಖ ಅರಳಿತು. ರೇಷ್ಮೆ ಸೀರೆಗೆ ಧೂಳು ಕೂರುವುದಿಲ್ಲ, ಯಾರೂ ಕೈ ಹಾಕುವುದಿಲ್ಲ, ಅದೇ ಒಳ್ಳೆಯದು ಎಂದರು. ಒಳಗಿಂದ ಸೀರೆಯ ಗಂಟುಗಳನ್ನು ತರಿಸಿ ತುಂಬಿಸಿ ನೋಡಿದರು. ಎರಡು ಗಂಟು ಹಿಡಿದವು, ಮೂರನೆಯದು ಹಿಂದಿನ ಸೀಟಿಗೆ ತಡೆದು ನಿಂತಿತು.

“ಈ ಸೀಟು ನಂಗ್ಯಾಕಪ್ಪಾ? ಇದನ್ನ ಕಿತ್ಕೊಂಡು, ಇದರ ದುಡ್ಡು ಕಳ್ದು ಕೊಡು. ಈಗ್ಲೇ ತಗೋತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಗಂಡ ಇದ್ದ ಕಾಲದಿಂದಲೂ ಪ್ರತಿ ವಾರ ಚಿಕ್ಕಪೇಟೆಯ ಅಂಗಡಿಗೆ ಗಂಟು ಹೊತ್ತು ಹೋಗುವುದು, ಅಲ್ಲಿನ ಸಾಹುಕಾರರು ಬೆಳಗಿನಿಂದ ಕೂರಿಸುವುದು, ಸಂಜೆಯ ರೈಲಿನ ಹೊತ್ತಾದಾಗ ಬಂದು ಬೆಲೆ ಹೇಳುವುದು, ಇವೆಲ್ಲ ಹೇಳಿದರು. ಸಂಜೆಯ ರೈಲಿನ ನೂಕುನುಗ್ಗಲಿನಲ್ಲಿ ಗಂಟು ವಾಪಸು ಹೊತ್ತುಕೊಂಡು ಹೋಗಲು ಆಗುವುದಿಲ್ಲ ಎಂದು ಸಾಹುಕಾರರಿಗೂ ಗೊತ್ತು, ಇವರಿಗೂ ಗೊತ್ತು. ಹೇಳಿದಷ್ಟಕ್ಕೆ ಕೊಟ್ಟು ರೈಲು ಹಿಡಿಯುವುದು. ಹೀಗೇ ಇನ್ನೊಂದು ವರ್ಷ ನಡೆದರೆ ಆರರಲ್ಲಿ ಎರಡು ಮಗ್ಗ ಮಾರಬೇಕು, ಆ ಎರಡು ಮಗ್ಗದ ಮೇಲಿರುವ ನೇಕಾರರಿಗೆ ಏನು ಹೇಳಲಿ ಎಂದು ಕೇಳಿದರು.

ಶೇಷಾದ್ರಿಗಳ ಮುಂದೆ ಹೋಗಿ ಸೀಟಿನ ವಿಷಯ ಹೇಳಿದೆ. ಅವರ ದನಿ ತಗ್ಗಿತು. ಬೆಲೆ ಇಡೀ ಕಾರಿನದು, ಒಂದು ತುಂಡಿಗೆ ಕಳೆದು ಕೊಟ್ಟರೆ ಕಂಪನಿಯ ಬೆಲೆಪಟ್ಟಿಯೇ ಕುಸಿಯುತ್ತದೆ, ಇವತ್ತು ಸೀಟು ಬೇಡ ಅನ್ನುವವರು ನಾಳೆ ಸ್ಟೆಪ್ನಿ ಬೇಡ ಅನ್ನುತ್ತಾರೆ ಎಂದರು. ವಾದ ಮಾಡಿದೆ. ಹನ್ನೆರಡು ವರ್ಷದಲ್ಲಿ ಅವರೆದುರು ವಾದ ಮಾಡಿದ್ದು ಅದೇ ಮೊದಲು. ಕೊನೆಗೆ, ನೀವು ಒಂದು ಸಲ ಚಿಕ್ಕಪೇಟೆಗೆ ಬನ್ನಿ ಸಾರ್, ನೋಡಿ ಆಮೇಲೆ ಇಲ್ಲ ಅನ್ನಿ ಎಂದೆ. ಯಾಕೆ ಒಪ್ಪಿದರೋ ಗೊತ್ತಿಲ್ಲ. ಅಂಗಳದಲ್ಲಿ ನಿಂತ ಕಾರುಗಳು ಅವರ ನಿದ್ದೆಯನ್ನೂ ಕೆಡಿಸಿದ್ದಿರಬೇಕು.

ಸೀರೆ ಕೊಳ್ಳಲು ಬಂದವರಂತೆ ಆ ಅಂಗಡಿಯ ಮೂಲೆಯಲ್ಲಿ ಇಬ್ಬರೂ ಕೂತೆವು. ಲಕ್ಷ್ಮೀದೇವಮ್ಮ ಗಂಟುಗಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸಾಹುಕಾರರು ಒಳ್ಳೆಯ ಮಾತಿನವರೇ. ಕೂತ್ಕೊಳ್ಳಮ್ಮ, ನೋಡೋಣ ಎಂದರು. ಊಟದ ಹೊತ್ತು ಕಳೆಯಿತು. ಬೇರೆಯವರ ಜೊತೆ ವ್ಯವಹಾರ ನಡೆಯಿತು. ಇನ್ನೊಂದು ಸ್ವಲ್ಪ ಕೂತ್ಕೊಳ್ಳಮ್ಮ ಎಂದರು. ಬೀದಿಗೆಲ್ಲ ಕೇಳುವಂತೆ ಮಾತಾಡುವ ಆ ಹೆಂಗಸು ಅಲ್ಲಿ ಬಾಯಿ ಬಿಡಲಿಲ್ಲ. ಬಿಸಿಲು ಇಳಿದ ಮೇಲೆ ಸಾಹುಕಾರರು ಬಂದು, ಸೀರೆಗಳನ್ನು ಬಿಡಿಸಿಯೂ ನೋಡದೆ ಒಂದು ಬೆಲೆ ಹೇಳಿದರು. ಆಕೆ ಅವರ ಮುಖವನ್ನೊಮ್ಮೆ ನೋಡಿ ಆಗಲಿ ಎಂಬಂತೆ ತಲೆ ಆಡಿಸಿದರು. ಸೆರಗು ಸರಿ ಮಾಡಿಕೊಂಡು ರೈಲಿಗೆ ಓಡಿದರು.

ನಾವು ಬೀದಿಗೆ ಬಂದೆವು. ಅವೆನ್ಯೂ ರಸ್ತೆಯ ತಿರುವಿನಲ್ಲಿ ಶೇಷಾದ್ರಿಗಳು ನಿಂತು, ಮಾಮೂಲಿ ದನಿಯಲ್ಲೇ ಹೇಳಿದರು.

“ಇಷ್ಟು ವರ್ಷ ನಾನೂ ಇದನ್ನೇ ಮಾಡಿದ್ದು ಕಣಯ್ಯಾ. ಜನರನ್ನ ಕೂರಿಸ್ದೆ.”

ಮಾರನೆಯ ದಿನ ಬೆಳಿಗ್ಗೆ ಅವರು ಬಿಡಿಭಾಗಗಳ ಬೆಲೆಪಟ್ಟಿ ತೆಗೆದು ನನ್ನ ಮುಂದಿಟ್ಟರು. ಕಾರನ್ನು ಪೂರ್ತಿ ಬೆಲೆಗೇ ಬಿಲ್ ಮಾಡು, ಕಂಪನಿಗೆ ಏನೂ ಹೇಳಬೇಕಾಗಿಲ್ಲ. ಆಮೇಲೆ ಆ ಸೀಟನ್ನು ನಮ್ಮ ವರ್ಕ್‌ಶಾಪಿಗೆ ಬಿಡಿಭಾಗ ಎಂದು ಆಕೆಯಿಂದ ಕೊಂಡುಕೊಳ್ಳೋಣ ಎಂದರು. ಪಟ್ಟಿಯಲ್ಲಿ ಹಿಂದಿನ ಸೀಟಿನ ಬೆಲೆ ನೋಡಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಕಂಪನಿ ಬಿಡಿಭಾಗಗಳಿಗೆ ಹಾಕುತ್ತಿದ್ದ ಬೆಲೆ ಹೇಗಿತ್ತೆಂದರೆ, ಒಂದೊಂದೇ ಕೊಂಡು ಜೋಡಿಸಿದರೆ ಒಂದು ಕಾರಿನ ದುಡ್ಡಿಗೆ ಮುಕ್ಕಾಲು ಕಾರೂ ಆಗುತ್ತಿರಲಿಲ್ಲ. ಜನರ ಹೊಟ್ಟೆ ಉರಿಸುತ್ತಿದ್ದ ಆ ಪಟ್ಟಿ ಮೊದಲ ಬಾರಿಗೆ ಗಿರಾಕಿಯ ಕಡೆ ತಿರುಗಿತು. ಲಕ್ಷ್ಮೀದೇವಮ್ಮ ಕೇಳಿದ್ದಕ್ಕಿಂತ ಹೆಚ್ಚೇ ಅವರಿಗೆ ಸಿಕ್ಕಿತು. ಯುಗಾದಿಗೆ ಐದು ದಿನ ಮುಂಚೆ ಮೂರನೆಯ ಕಾರು ದೊಡ್ಡಬಳ್ಳಾಪುರಕ್ಕೆ ಹೋಯಿತು. ನನ್ನ ಕೆಲಸ ಉಳಿಯಿತು. ಅವತ್ತು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ. ಅವಳು ಗಾಬರಿಯಾಗಿ, ಕೆಲಸ ಹೋಯಿತು ಎಂದೇ ತಿಳಿದಿದ್ದಳು.

ಸಂಚಿನ ಹಾಗೆ ಕಂಡರೂ ಅದರಲ್ಲಿ ಒಂದು ಪೈಸೆಯ ಮೋಸವಿರಲಿಲ್ಲ. ಆಮೇಲೆ ಅದೇ ರೀತಿಯಲ್ಲಿ ದ್ರಾಕ್ಷಿ ಬೆಳೆಗಾರರಿಗೆ, ರೇಷ್ಮೆಗೂಡಿನ ವ್ಯಾಪಾರಿಗಳಿಗೆ ಸೀಟಿಲ್ಲದ ಕಾರು ಕೊಟ್ಟೆವು. ವರ್ಕ್‌ಶಾಪಿನ ಅಟ್ಟದಲ್ಲಿ ಹಿಂದಿನ ಸೀಟುಗಳು ತುಂಬಿ, ಮಧ್ಯಾಹ್ನ ಮೆಕ್ಯಾನಿಕ್ಕುಗಳು ಅವುಗಳ ಮೇಲೆ ಮಲಗುತ್ತಿದ್ದರು. ಮದ್ರಾಸಿನಿಂದ ಬಂದ ಅದೇ ಅಧಿಕಾರಿ ಇದೇನು ಎಂದು ಕೇಳಿದಾಗ ಶೇಷಾದ್ರಿಗಳು, ನಮ್ಮ ಕಡೆ ಹಿಂದಿನ ಸೀಟು ಬೇಗ ಸವೆಯುತ್ತದೆ, ಸ್ಟಾಕ್ ಇಟ್ಟಿದ್ದೇವೆ ಎಂದರು. ಅದು ಮಾತ್ರ ಸುಳ್ಳು.

ಕಾರು ಕೊಟ್ಟ ಮೇಲೆ ನನ್ನ ಕೆಲಸ ಮುಗಿದಿರಲಿಲ್ಲ. ಲಕ್ಷ್ಮೀದೇವಮ್ಮ, ತಮ್ಮನಿಗೆ ಡ್ರೈವಿಂಗ್ ಬರುವವರೆಗೆ ನಾನೇ ಓಡಿಸಿಕೊಡಬೇಕು ಎಂಬ ಷರತ್ತು ಹಾಕಿದ್ದರು. ಯುಗಾದಿ ಕಳೆದ ವಾರ ಐದು ಗಂಟು ತುಂಬಿಕೊಂಡು ಚಿಕ್ಕಪೇಟೆಗೆ ಹೊರಟೆವು. ಬೀದಿ ಕೊನೆಯಲ್ಲಿ ಕಾರು ನಿಲ್ಲಿಸಿ ನಾನೇ ಗಂಟು ಒಳಗೆ ಇರಿಸಿ ಬಂದೆ. ಸಾಹುಕಾರರು ಕೂತ್ಕೊಳ್ಳಮ್ಮ ಎಂದರು. ಆಕೆ ಕೂತರು. ನಾನು ಕಾರಿನಲ್ಲಿ ಕೂತು ಪತ್ರಿಕೆ ಓದಿದೆ, ತೂಕಡಿಸಿದೆ, ಮತ್ತೆ ಓದಿದೆ. ಸಂಜೆಯ ರೈಲಿನ ಹೊತ್ತು ದಾಟಿತು. ಅಂಗಡಿಯ ಆಳು ಗಂಟುಗಳನ್ನು ಒಂದೊಂದಾಗಿ ಹೊತ್ತು ತಂದು ಕಾರಿಗೆ ತುಂಬಿದ. ಐದಕ್ಕೆ ಐದೂ ವಾಪಸು ಬಂದಿದ್ದವು.

ಈ ಕಾರಿನಿಂದ ಉದ್ಧಾರವಾಗುತ್ತದೆ ಎಂದು ಹೇಳಿ ಮಾರಿದವನು ನಾನು. ಮೊದಲ ದಿನವೇ ಒಂದು ಸೀರೆಯೂ ಹೋಗಲಿಲ್ಲ. ಲಕ್ಷ್ಮೀದೇವಮ್ಮ ಬಂದು ಮುಂದಿನ ಸೀಟಿನಲ್ಲಿ ಕೂತರು. ಕಾರು ಯಶವಂತಪುರ ದಾಟಿ, ಯಲಹಂಕ ದಾಟಿತು. ನಾನೇ ತಡೆಯಲಾರದೆ, ಬೆಲೆ ಬಹಳ ಕಡಿಮೆ ಹೇಳಿದರಾ ಅಮ್ಮ ಎಂದು ಕೇಳಿದೆ.

ಅವರು ಹಿಂದಕ್ಕೆ ತಿರುಗಿ ಗಂಟುಗಳ ಮೇಲೆ ಕೈ ಇಟ್ಟರು. ಕಣ್ಣಲ್ಲಿ ನೀರಿತ್ತು, ಆದರೆ ದನಿ ಮಗ್ಗದ ಮನೆಯ ದನಿ, ಇಡೀ ಕಾರಿಗೆ ತುಂಬಿತು.

“ಯಾವಾಗ್ಲೂ ಹೇಳೋ ಬೆಲೇನೇ ಹೇಳಿದ್ರು ಕಣಪ್ಪಾ. ಬ್ಯಾಡ ಸ್ವಾಮಿ, ತಗೊಂಡೋಯ್ತೀನಿ ಅಂದ್ಬಿಟ್ಟೆ. ಹದಿನಾರು ವರ್ಷದಲ್ಲಿ ಇವತ್ತೇ ಮೊದ್ಲು ನನ್ ಮಾಲು ನನ್ ಜೊತೆ ಮನೆಗೆ ಬತ್ತಾ ಇರೋದು.”